ಏಳು ಸೀಟಿನ ಕಾರು: ಒಳ್ಳೆ ವರ್ಷದ ಕೊಬ್ಬರಿ ರೇಟು ನಂಬಿ 7 ವರ್ಷದ ಕಂತು ಒಪ್ಪಬಹುದಾ?

ತಿಪಟೂರು: ಮನೆಯಲ್ಲಿ ಅಪ್ಪ, ಅಮ್ಮ, ಗಂಡ, ಹೆಂಡತಿ, ಇಬ್ಬರು ಮಕ್ಕಳು. ಅಲ್ಲಿಗೇ ಆರು ಜನ ಆಯ್ತು. ಹಬ್ಬಕ್ಕೆ ತಂಗಿ ಬಂದರೆ ಏಳು. ಐದು ಸೀಟಿನ ಕಾರಲ್ಲಿ ಮಕ್ಕಳನ್ನ ತೊಡೆ ಮೇಲೆ ಕೂರಿಸಿಕೊಂಡು ಎಡೆಯೂರಿಗೋ ಧರ್ಮಸ್ಥಳಕ್ಕೋ ಹೋಗಿಬರುವ ಕುಟುಂಬಗಳು ತಾಲ್ಲೂಕಿನಲ್ಲಿ ಬೇಕಾದಷ್ಟಿವೆ. 'ಇನ್ನು ದೊಡ್ಡ ಕಾರು ತಗೊಳ್ಳೋಣ' ಎಂಬ ಮಾತು ಶುರುವಾಗುವುದೇ ಇಂಥ ಪ್ರಯಾಣದ ಮಧ್ಯೆ.

ಈ ಮಾತಿಗೆ ಎರಡು ಕಾರಣದಿಂದ ಈಗ ಜೋರು ಬಂದಿದೆ. ಒಂದು, 2025ರ ಸೆಪ್ಟೆಂಬರ್ 22ರಿಂದ, ಅಂದರೆ ನವರಾತ್ರಿಯ ಮೊದಲ ದಿನದಿಂದ, ಕಾರುಗಳ ಜಿಎಸ್‌ಟಿ ಇಳಿಯಿತು. ಎರಡು, ಅದೇ ವರ್ಷ ಕೊಬ್ಬರಿ ಕ್ವಿಂಟಾಲ್‌ಗೆ 20 ಸಾವಿರದ ಗಡಿ ದಾಟಿತು. ಕೈಯಲ್ಲಿ ಒಂದಿಷ್ಟು ದುಡ್ಡು, ಶೋರೂಮ್‌ನಲ್ಲಿ ಇಳಿದ ದರ, ಜೊತೆಗೆ ಬ್ಯಾಂಕಿನವರು ಕೊಡೋ 7 ವರ್ಷದ ಸಾಲ. ಮೂರೂ ಒಟ್ಟಿಗೆ ಕೂಡಿ ಬಂದಾಗ ಆಸೆ ಆಗೋದು ಸಹಜ.

ಆದರೆ ಏಳು ಸೀಟಿನ ಕಾರಿನ ಲೆಕ್ಕ ಅಷ್ಟು ಸರಳ ಇಲ್ಲ. ಶೋರೂಮ್ ಬೋರ್ಡಿನಲ್ಲಿರೋ ದರ ಬೇರೆ, ಮನೆ ಮುಂದೆ ಬಂದು ನಿಂತಾಗ ಆಗಿರೋ ಖರ್ಚು ಬೇರೆ, ಐದಾರು ವರ್ಷ ಸಾಕೋ ಖರ್ಚು ಇನ್ನೂ ಬೇರೆ. ಅದನ್ನ ಒಂದೊಂದಾಗಿ ನೋಡೋಣ.

4 ಮೀಟರ್ ಗೆರೆ

ಜಿಎಸ್‌ಟಿ ಇಳಿದದ್ದು ಎಲ್ಲ ಕಾರಿಗೂ ಒಂದೇ ರೀತಿ ಅಲ್ಲ. ಉದ್ದ 4 ಮೀಟರ್ ಒಳಗಿದ್ದು, ಪೆಟ್ರೋಲ್ ಎಂಜಿನ್ 1200 ಸಿಸಿ ಅಥವಾ ಡೀಸೆಲ್ ಎಂಜಿನ್ 1500 ಸಿಸಿ ಮೀರದ ಕಾರಿಗೆ ಈಗ 18 ಪರ್ಸೆಂಟ್. ಇದರಲ್ಲಿ ಯಾವುದೇ ಒಂದು ಮೀರಿದರೂ 40 ಪರ್ಸೆಂಟ್. ಮೊದಲು ಸಣ್ಣ ಕಾರಿಗೆ ಸೆಸ್ ಸೇರಿ ಪೆಟ್ರೋಲ್‌ಗೆ 29, ಡೀಸೆಲ್‌ಗೆ 31 ಪರ್ಸೆಂಟ್ ಇತ್ತು. 4 ಮೀಟರ್ ದಾಟಿದ 1500 ಸಿಸಿ ಒಳಗಿನ ಕಾರಿಗೆ 45 ಪರ್ಸೆಂಟ್ ಇತ್ತು. ಅಂದರೆ ಸಣ್ಣದಕ್ಕೆ 11ರಿಂದ 13 ಪರ್ಸೆಂಟ್ ಇಳಿಕೆ, ದೊಡ್ಡದಕ್ಕೆ ಬರೀ 5.

ಇದರ ಪರಿಣಾಮ ಏನು ಗೊತ್ತಾ? ತೆರಿಗೆ ಇಲ್ಲದೆ 7 ಲಕ್ಷ ಬೆಲೆಯ ಎರಡು ಕಾರು ಇವೆ ಅಂದುಕೊಳ್ಳಿ. ಒಂದು 4 ಮೀಟರ್ ಒಳಗೆ, ಇನ್ನೊಂದು ಹೊರಗೆ. ಮೊದಲನೆಯದು 8.26 ಲಕ್ಷ ಆಗುತ್ತೆ, ಎರಡನೆಯದು 9.80 ಲಕ್ಷ. ಅದೇ ಕಬ್ಬಿಣ, ಅದೇ ಚಕ್ರ, ಅಳತೆ ಪಟ್ಟಿಯಲ್ಲಿ ಸ್ವಲ್ಪ ಹೆಚ್ಚು ಕಂಡದ್ದಕ್ಕೆ ಒಂದೂವರೆ ಲಕ್ಷ ಫರಕು.

ಹಾಗಾಗಿ ಕಡಿಮೆ ಬಜೆಟ್‌ನವರ ಮುಂದೆ ಎರಡು ಗುಂಪು ಇವೆ. ಗೆರೆಯ ಒಳಗಿನವು: ರೆನೋ ಟ್ರೈಬರ್, ಮಹೀಂದ್ರ ಬೊಲೆರೊ ಮತ್ತು ಬೊಲೆರೊ ನಿಯೊ, ಮಾರುತಿ ಈಕೋ. ಗೆರೆಯ ಹೊರಗಿನವು: ಮಾರುತಿ ಎರ್ಟಿಗಾ, ಅದರದ್ದೇ ಇನ್ನೊಂದು ಹೆಸರಿನ ಟೊಯೊಟಾ ರೂಮಿಯನ್, ಕಿಯಾ ಕ್ಯಾರೆನ್ಸ್.

ಜಿಎಸ್‌ಟಿ ಇಳಿದ ಮೇಲಿನ ಎಕ್ಸ್‌ಶೋರೂಮ್ ದರ ನೋಡಿದರೆ ಟ್ರೈಬರ್ 5.75 ಲಕ್ಷದ ಆಸುಪಾಸಿನಿಂದ, ಬೊಲೆರೊ 8 ಲಕ್ಷದ ಆಸುಪಾಸಿನಿಂದ, ಎರ್ಟಿಗಾ 8.80 ಲಕ್ಷದ ಆಸುಪಾಸಿನಿಂದ, ಕ್ಯಾರೆನ್ಸ್ 11 ಲಕ್ಷದ ಆಸುಪಾಸಿನಿಂದ ಶುರುವಾದವು. ಇವೆಲ್ಲ ಕೆಳಗಿನ ಮಾಡೆಲ್‌ಗಳ ದರ. ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕೋದು ಇದನ್ನೇ. ಸಾಮಾನ್ಯವಾಗಿ ಮನೆಗೆ ಬರೋದು ಮಧ್ಯದ ಮಾಡೆಲ್.

10 ಲಕ್ಷದ ಗೆರೆ: ಇಲ್ಲಿ ಜೋಪಾನ

ಜಿಎಸ್‌ಟಿ ಆದ ಮೇಲೆ ರಾಜ್ಯದ ಜೀವಾವಧಿ ತೆರಿಗೆ, ಜನ ಹೇಳೋ ಹಾಗೆ 'ಲೈಫ್ ಟ್ಯಾಕ್ಸ್'. ಕರ್ನಾಟಕದಲ್ಲಿ 5 ಲಕ್ಷದವರೆಗಿನ ಕಾರಿಗೆ 13 ಪರ್ಸೆಂಟ್, 5ರಿಂದ 10 ಲಕ್ಷಕ್ಕೆ 14, 10ರಿಂದ 20 ಲಕ್ಷಕ್ಕೆ 17, ಅದಕ್ಕೂ ಮೇಲೆ 18 ಪರ್ಸೆಂಟ್. ಈ ತೆರಿಗೆ ಮೇಲೆ ಮತ್ತೆ 11 ಪರ್ಸೆಂಟ್ ಸೆಸ್. ದೇಶದಲ್ಲೇ ಹೆಚ್ಚು ರೋಡ್ ಟ್ಯಾಕ್ಸ್ ಹಾಕುವ ರಾಜ್ಯಗಳ ಸಾಲಿನಲ್ಲಿ ನಮ್ಮದೂ ಇದೆ.

ಇಲ್ಲಿ ಗಮನಿಸಬೇಕಾದ್ದು: 10 ಲಕ್ಷ ದಾಟಿದರೆ ದಾಟಿದ ಮೊತ್ತಕ್ಕೆ ಮಾತ್ರ 17 ಅಲ್ಲ, ಪೂರ್ತಿ ಬೆಲೆಗೆ 17. ಕಾರಿನ ಬೆಲೆ 9.95 ಲಕ್ಷ ಇದ್ದರೆ ಸೆಸ್ ಸೇರಿ ತೆರಿಗೆ ಸುಮಾರು 1.55 ಲಕ್ಷ. ಬೆಲೆ 10.10 ಲಕ್ಷ ಆದರೆ ತೆರಿಗೆ ಸುಮಾರು 1.91 ಲಕ್ಷ. ಬೆಲೆಯಲ್ಲಿ 15 ಸಾವಿರ ಹೆಚ್ಚಾದದ್ದಕ್ಕೆ ತೆರಿಗೆಯಲ್ಲಿ 36 ಸಾವಿರ ಹೆಚ್ಚು. 10 ಲಕ್ಷ ದಾಟಿದ ಕಾರಿಗೆ 1 ಪರ್ಸೆಂಟ್ ಟಿಸಿಎಸ್ ಕೂಡ ಹಿಡಿಯುತ್ತಾರೆ. ಅದನ್ನ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕುವಾಗ ವಾಪಸ್ ಪಡೆಯಬಹುದು. ರಿಟರ್ನ್ ಹಾಕದವರಿಗೆ ಆ ದುಡ್ಡು ಹೋದ ಹಾಗೇ.

ಹಾಗಾಗಿ 'ಇನ್ನೊಂದು 20 ಸಾವಿರ ಹಾಕಿದ್ರೆ ಮೇಲಿನ ಮಾಡೆಲ್ ಬರುತ್ತೆ ಸಾರ್' ಎಂಬ ಮಾತು ಕೇಳಿದ ತಕ್ಷಣ ಒಂದು ಪ್ರಶ್ನೆ ಕೇಳಬೇಕು: ಎಕ್ಸ್‌ಶೋರೂಮ್ ಬೆಲೆ 10 ಲಕ್ಷ ದಾಟುತ್ತಾ?

ತಿಪಟೂರಿನ ಅಂಗಡಿಯವರಿಗೆ ಇನ್ನೊಂದು ವಿಷಯ. ಅಂಗಡಿಯ ಜಿಎಸ್‌ಟಿ ನಂಬರ್ ಕೊಟ್ಟು ಬಿಲ್ ಮಾಡಿಸಿದರೆ ಕಾರಿಗೆ ಕಟ್ಟಿದ ಜಿಎಸ್‌ಟಿ ವಾಪಸ್ ಸಿಗುತ್ತೆ ಎಂಬ ನಂಬಿಕೆ ಹಲವರಲ್ಲಿದೆ. ಅದು ಸಿಗಲ್ಲ. ಡ್ರೈವರ್ ಸೇರಿ 13 ಜನ ಮೀರದ ಪ್ಯಾಸೆಂಜರ್ ಗಾಡಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ ಅಂತ ಜಿಎಸ್‌ಟಿ ಕಾಯ್ದೆಯ 17(5) ಸೆಕ್ಷನ್ ಹೇಳುತ್ತೆ. ಕಾರು ಮಾರೋ ವ್ಯಾಪಾರ, ಟ್ಯಾಕ್ಸಿ, ಡ್ರೈವಿಂಗ್ ಸ್ಕೂಲ್ ಇಂಥವಕ್ಕೆ ಮಾತ್ರ ವಿನಾಯಿತಿ. ಕಿರಾಣಿ ಅಂಗಡಿಗೋ ಬಟ್ಟೆ ಅಂಗಡಿಗೋ ಅನ್ವಯಿಸಲ್ಲ. ಆ 18 ಅಥವಾ 40 ಪರ್ಸೆಂಟ್ ವಾಪಸ್ ಬರುತ್ತೆ ಅಂತ ಬಜೆಟ್ ಹಾಕಿಕೊಂಡರೆ ಮೋಸ ಹೋಗೋದು ತಾವೇ.

ಕಂತಿನ ಲೆಕ್ಕ, ಕೊಬ್ಬರಿಯ ಲೆಕ್ಕ

ಶೋರೂಮ್‌ನಲ್ಲಿ ಕೂತ ಕೂಡಲೇ ಕೇಳೋ ಪ್ರಶ್ನೆ 'ತಿಂಗಳಿಗೆ ಎಷ್ಟು ಕಟ್ಟೋಕಾಗುತ್ತೆ?' ಎಂದು. ಕಾರಿನ ಬೆಲೆ ಎಷ್ಟು ಎನ್ನುವ ಮಾತು ಹಿಂದೆ ಸರಿದುಬಿಡುತ್ತೆ.

8 ಲಕ್ಷ ಸಾಲ, 9 ಪರ್ಸೆಂಟ್ ಬಡ್ಡಿ ಅಂತ ಹಿಡಿಯೋಣ. 7 ವರ್ಷಕ್ಕೆ ಕಂತು ಸುಮಾರು 12,870 ರೂಪಾಯಿ. 5 ವರ್ಷಕ್ಕೆ ಸುಮಾರು 16,600. ಮೊದಲನೆಯದು ಹಗುರ ಅನ್ನಿಸುತ್ತೆ. ಆದರೆ 7 ವರ್ಷದಲ್ಲಿ ಕಟ್ಟೋ ಬಡ್ಡಿ 2.81 ಲಕ್ಷ, 5 ವರ್ಷದಲ್ಲಿ 1.96 ಲಕ್ಷ. ಎರಡು ವರ್ಷ ಎಳೆದದ್ದಕ್ಕೆ 85 ಸಾವಿರ ಹೆಚ್ಚು. ಅಷ್ಟೇ ಅಲ್ಲ, 6ನೇ, 7ನೇ ವರ್ಷದಲ್ಲಿ ಕಾರಿಗೆ ಟೈರು, ಬ್ಯಾಟರಿ, ಕ್ಲಚ್, ಸಸ್ಪೆನ್ಷನ್ ಅಂತ ಖರ್ಚು ಶುರುವಾಗೋ ಹೊತ್ತಿಗೆ ಕಂತೂ ನಡೀತಾ ಇರುತ್ತೆ.

ಈಗ ಇದನ್ನ ನಮ್ಮ ಊರಿನ ಲೆಕ್ಕಕ್ಕೆ ತರೋಣ. 5 ವರ್ಷದ ಕಂತು ಎಂದರೆ ವರ್ಷಕ್ಕೆ ಸುಮಾರು 2 ಲಕ್ಷ. ಕೊಬ್ಬರಿ 20 ಸಾವಿರ ಇದ್ದಾಗ ಆ 2 ಲಕ್ಷಕ್ಕೆ 10 ಕ್ವಿಂಟಾಲ್ ಸಾಕು. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ 12,100. ಆ ದರದಲ್ಲಿ ಹದಿನಾರೂವರೆ ಕ್ವಿಂಟಾಲ್ ಬೇಕು. 2023ರಲ್ಲಿ ಬೆಂಬಲ ಬೆಲೆ 11,750 ಇದ್ದಾಗಲೇ ಮಾರುಕಟ್ಟೆ ದರ 9 ಸಾವಿರದ ಕೆಳಗೆ ಇಳಿದದ್ದು, ರೈತರು ಬೀದಿಗೆ ಇಳಿದದ್ದು ಯಾರೂ ಮರೆತಿಲ್ಲ. 9 ಸಾವಿರಕ್ಕೆ ಇಳಿದರೆ ಅದೇ ಕಂತಿಗೆ 22 ಕ್ವಿಂಟಾಲ್ ಬೇಕು.

ಅಂದರೆ ಎರಡೇ ವರ್ಷದ ಅಂತರದಲ್ಲಿ ದರ ಎರಡು ಪಟ್ಟಿಗೂ ಹೆಚ್ಚಾಯ್ತು. ಹಾಗೆ ಏರಿದ್ದು ಇಳಿಯೋದಕ್ಕೂ ಅಷ್ಟೇ ಸಾಕು. ಕಂತು ಮಾತ್ರ ಏರಲ್ಲ, ಇಳಿಯಲ್ಲ, ಪ್ರತಿ ತಿಂಗಳು ಅದೇ ತಾರೀಕಿಗೆ ಬಾಗಿಲು ತಟ್ಟುತ್ತೆ. ಇದು ಬರೀ ತೋಟದವರ ಮಾತಲ್ಲ. ಕೊಬ್ಬರಿ ಬಿದ್ದ ವರ್ಷ ಬಿ.ಎಚ್. ರಸ್ತೆಯ ಬಟ್ಟೆ ಅಂಗಡಿ, ಚಿನ್ನದ ಅಂಗಡಿ, ಹಾರ್ಡ್‌ವೇರ್, ಹೋಟೆಲು ಎಲ್ಲದರ ಗಲ್ಲಾಪೆಟ್ಟಿಗೆಯೂ ತಣ್ಣಗಾಗುತ್ತೆ. ತೋಟದವರ ಕೈ ಬಿಗಿಯಾದರೆ ಊರಿನ ಕೈ ಬಿಗಿಯಾದ ಹಾಗೆ.

ಹಾಗಾಗಿ ತಾಲ್ಲೂಕಿನವರಿಗೆ ಒಂದು ಸರಳ ಅಳತೆಗೋಲು ಹೊಂದುತ್ತೆ. ಕಂತನ್ನ ಒಳ್ಳೆ ವರ್ಷದ ಆದಾಯಕ್ಕೆ ಹೊಂದಿಸಬಾರದು, ಕೆಟ್ಟ ವರ್ಷದ ಆದಾಯಕ್ಕೆ ಹೊಂದಿಸಬೇಕು. ಒಳ್ಳೆ ವರ್ಷದ ದುಡ್ಡು ಇದ್ದರೆ ಅದನ್ನ ಡೌನ್ ಪೇಮೆಂಟ್‌ಗೆ ಹಾಕಿ ಸಾಲವನ್ನೇ ಸಣ್ಣದು ಮಾಡಬೇಕು. 20 ಸಾವಿರದ ರೇಟು ಬಂದ ವರ್ಷ 4 ಲಕ್ಷ ಕೈಯಿಂದ ಹಾಕಿ 4 ಲಕ್ಷ ಸಾಲ ಮಾಡಿದರೆ 5 ವರ್ಷದ ಕಂತು 8,300 ಆಸುಪಾಸು. 9 ಸಾವಿರದ ರೇಟಿನಲ್ಲೂ ಅದಕ್ಕೆ ವರ್ಷಕ್ಕೆ 11 ಕ್ವಿಂಟಾಲ್ ಸಾಕು.

ಮೂರನೇ ಸಾಲು ವರ್ಷಕ್ಕೆ ಎಷ್ಟು ದಿನ?

ಏಳು ಸೀಟು ಬೇಕಾ ಬೇಡವಾ ಎಂಬುದಕ್ಕೆ ಉತ್ತರ ಕುಟುಂಬದ ತಲೆ ಎಣಿಸಿದರೆ ಸಿಗಲ್ಲ. ಹಿಂದಿನ ಸಾಲಿನಲ್ಲಿ ಜನ ಕೂರೋದು ವರ್ಷಕ್ಕೆ ಎಷ್ಟು ದಿನ ಅಂತ ಎಣಿಸಬೇಕು.

ಒಂದು ಲೆಕ್ಕ ನೋಡಿ. ಐದು ಸೀಟಿನ ಸಣ್ಣ ಕಾರಿಗೂ ಏಳು ಸೀಟಿನ ಕಾರಿಗೂ ಆನ್‌ರೋಡ್ ದರದಲ್ಲಿ 4 ಲಕ್ಷ ಫರಕು ಅಂದುಕೊಳ್ಳಿ. 8 ವರ್ಷ ಬಿಟ್ಟು ಮಾರುವಾಗ ಅದರಲ್ಲಿ ಅರ್ಧ ವಾಪಸ್ ಬಂತು. ಉಳಿದ 2 ಲಕ್ಷವನ್ನ 8 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 25 ಸಾವಿರ. ಆ 4 ಲಕ್ಷ ಸಾಲದ ಬಡ್ಡಿ ಹಂಚಿದರೆ ವರ್ಷಕ್ಕೆ 12 ಸಾವಿರ. ಸಣ್ಣ ಕಾರು ಲೀಟರ್‌ಗೆ 18, ದೊಡ್ಡದು 15 ಕಿ.ಮೀ. ಕೊಟ್ಟರೆ, ವರ್ಷಕ್ಕೆ 10 ಸಾವಿರ ಕಿ.ಮೀ. ಓಡಿಸುವವರಿಗೆ ಪೆಟ್ರೋಲ್ 11 ಸಾವಿರ ಹೆಚ್ಚು. ಒಟ್ಟು ವರ್ಷಕ್ಕೆ ಸುಮಾರು 48 ಸಾವಿರ. ಇದು ಹೆಚ್ಚುವರಿ ಎರಡು ಸೀಟಿನ ಬಾಡಿಗೆ ಇದ್ದ ಹಾಗೆ.

ಇದರ ಬದಲು ದೊಡ್ಡ ಟ್ರಿಪ್ ಬಂದಾಗ ಯೆಲ್ಲೋ ಬೋರ್ಡ್ ಗಾಡಿ ಮಾಡಿಕೊಂಡರೆ? ಕಿ.ಮೀ.ಗೆ 20 ರೂಪಾಯಿ ಹಿಡಿದರೆ 400 ಕಿ.ಮೀ. ಟ್ರಿಪ್‌ಗೆ 8 ಸಾವಿರ, ಡ್ರೈವರ್ ಬಾಟಾ 500. ಅಷ್ಟೇ ದೂರ ಸ್ವಂತ ಕಾರಲ್ಲಿ ಹೋದರೂ ಪೆಟ್ರೋಲಿಗೆ 2,750 ಆಗುತ್ತೆ. ಅದನ್ನ ಕಳೆದರೆ ಟ್ರಿಪ್‌ಗೆ ಬಾಡಿಗೆಯ ಹೆಚ್ಚುವರಿ ಹೊರೆ 5,750. ಅಂದರೆ ಏಳೂ ಜನ ಸೇರಿ ವರ್ಷಕ್ಕೆ ಎಂಟು ಒಂಬತ್ತು ದೂರದ ಟ್ರಿಪ್ ಮಾಡುವವರಿಗೆ ಮಾತ್ರ ದೊಡ್ಡ ಕಾರು ಲೆಕ್ಕದಲ್ಲಿ ಸರಿಹೋಗುತ್ತೆ. ಹಬ್ಬಕ್ಕೆ ಎರಡು, ಬೇಸಿಗೆ ರಜೆಗೆ ಒಂದು, ಮದುವೆಗೆ ಒಂದು ಎನ್ನುವವರಿಗೆ ಸಣ್ಣ ಕಾರು ಪ್ಲಸ್ ಬಾಡಿಗೆ ಗಾಡಿಯೇ ಅಗ್ಗ.

ಹಾಗಂತ ಎಲ್ಲವೂ ದುಡ್ಡಿನ ಲೆಕ್ಕ ಅಲ್ಲ. ವಯಸ್ಸಾದವರನ್ನ ತಿಂಗಳಿಗೆ ಎರಡು ಸಲ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕು, ಒಬ್ಬರು ಮಲಗಿಕೊಂಡು ಬರಬೇಕು ಎನ್ನುವ ಮನೆಗೆ ದೊಡ್ಡ ಕಾರು ಅನುಕೂಲವೇ. ನೊಣವಿನಕೆರೆ, ಹೊನ್ನವಳ್ಳಿ ಕಡೆಯ ತೋಟದ ಮನೆಗಳಿಗೆ ರಾತ್ರಿ ಹೊತ್ತು ಬಾಡಿಗೆ ಗಾಡಿ ಕರೆಸೋದು ಸುಲಭ ಅಲ್ಲ. ಆ ಅಗತ್ಯ ಇರುವವರು ತಗೊಳ್ಳಲಿ. ಆದರೆ ಅಗತ್ಯ ಯಾವುದು, ಪಕ್ಕದ ಮನೆಯವರು ತಗೊಂಡರು ಎಂಬುದು ಯಾವುದು ಅನ್ನೋದು ಮನೆಯವರಿಗೇ ಗೊತ್ತಿರುತ್ತೆ.

ಯಾವ ಕಾರು ಯಾರಿಗೆ?

ಟ್ರೈಬರ್: ಬಜೆಟ್ ಆನ್‌ರೋಡ್ 8ರಿಂದ 9 ಲಕ್ಷದ ಒಳಗೆ ಎನ್ನುವವರಿಗೆ ಹೊಸ ಕಾರಲ್ಲಿ ಮೊದಲು ಕಾಣೋದು ಇದು. 999 ಸಿಸಿ ಎಂಜಿನ್, 72 ಪಿಎಸ್ ಶಕ್ತಿ. ಮೂರನೇ ಸಾಲಿನ ಸೀಟುಗಳನ್ನ ಪೂರ್ತಿ ಕಳಚಿ ಮನೆಯಲ್ಲೇ ಇಡಬಹುದು. ಆಗ ಡಿಕ್ಕಿ 625 ಲೀಟರ್ ಆಗುತ್ತೆ. ತುಮಕೂರಿಂದ ಅಂಗಡಿಗೆ ಸಣ್ಣಪುಟ್ಟ ಮಾಲು ತಂದುಕೊಳ್ಳುವವರಿಗೆ ಇದು ದೊಡ್ಡ ಅನುಕೂಲ. ಆದರೆ ಏಳೂ ಸೀಟು ಹಾಕಿದರೆ ಡಿಕ್ಕಿ ಬರೀ 84 ಲೀಟರ್. ಎರಡು ಬ್ಯಾಗು ಇಟ್ಟರೆ ಮುಗೀತು. ಏಳು ಜನ, ಲಗೇಜು, ಎಸಿ ಎಲ್ಲ ಇಟ್ಟುಕೊಂಡು ಚಾರ್ಮಾಡಿ ಹತ್ತುವಾಗ 72 ಪಿಎಸ್ ಎಂಜಿನ್ ಏದುಸಿರು ಬಿಡುತ್ತೆ. ನಾಲ್ಕು ದೊಡ್ಡವರು, ಮೂರು ಮಕ್ಕಳು ಎನ್ನುವ ಮನೆಗೆ ಸರಿ. ಏಳೂ ಜನ ದೊಡ್ಡವರು ಎನ್ನುವ ಮನೆಗೆ ಅಲ್ಲ.

ಎರ್ಟಿಗಾ: 2012ರಿಂದ ಮಾರುಕಟ್ಟೆಯಲ್ಲಿದೆ. 1462 ಸಿಸಿ, 103 ಪಿಎಸ್ ಆಸುಪಾಸು. ಮೂರನೇ ಸಾಲಿನಲ್ಲಿ ದೊಡ್ಡವರೂ ಒಂದೆರಡು ಗಂಟೆ ಕೂರಬಹುದು. ಏಳೂ ಸೀಟು ಇದ್ದಾಗ ಡಿಕ್ಕಿ 209 ಲೀಟರ್. ಮೆಕ್ಯಾನಿಕ್, ಸ್ಪೇರ್ ಪಾರ್ಟ್ಸ್ ಸಿಗೋದು ಸುಲಭ, ಮಾರುವಾಗ ಗಿರಾಕಿಯೂ ಸಿಗ್ತಾರೆ. ಹೊರೆ ಎಂದರೆ 40 ಪರ್ಸೆಂಟ್ ಜಿಎಸ್‌ಟಿ ಮತ್ತು ಆ 10 ಲಕ್ಷದ ಗೆರೆ. ಮಧ್ಯದ ಮಾಡೆಲ್ ಪೆಟ್ರೋಲ್ 9.85 ಲಕ್ಷ ಎಕ್ಸ್‌ಶೋರೂಮ್ ಎಂದರೆ ತೆರಿಗೆ, ಇನ್ಶೂರೆನ್ಸ್ ಸೇರಿ 12 ಲಕ್ಷದ ಹತ್ತಿರ ಬಂದು ನಿಲ್ಲುತ್ತೆ.

ಬೊಲೆರೊ, ಬೊಲೆರೊ ನಿಯೊ: 1493 ಸಿಸಿ ಡೀಸೆಲ್, 4 ಮೀಟರ್ ಒಳಗೆ. ತೋಟದ ದಾರಿ, ಹಳ್ಳಿ ರಸ್ತೆಗೆ ಹೇಳಿ ಮಾಡಿಸಿದ ಗಾಡಿ. ಆದರೆ ಹಿಂದಿನ ಸೀಟು ಎದುರುಬದುರು, ಪಕ್ಕಕ್ಕೆ ಮುಖ ಮಾಡಿ ಕೂರೋದು. ಅಜ್ಜಿಯನ್ನೋ ಮಕ್ಕಳನ್ನೋ ಅಲ್ಲಿ ಕೂರಿಸಿ ಹೆದ್ದಾರಿಯಲ್ಲಿ ದೂರ ಹೋಗೋದು ಸುಖವೂ ಅಲ್ಲ, ಸುರಕ್ಷಿತವೂ ಅಲ್ಲ. ಮುಂದೆ ಮುಖ ಮಾಡಿದ ಸೀಟು ಅಪಘಾತದಲ್ಲಿ ಹಿಡಿದಿಡೋ ಹಾಗೆ ಪಕ್ಕದ ಸೀಟು ಹಿಡಿದಿಡಲ್ಲ.

ಈಕೋ: 1197 ಸಿಸಿ ಪೆಟ್ರೋಲ್. ದುಡ್ಡಿಗೆ ಇಷ್ಟು ಜಾಗ ಕೊಡೋ ಗಾಡಿ ಬೇರೆ ಇಲ್ಲ. ಓಮ್ನಿ 2019ರಲ್ಲಿ ನಿಂತ ಮೇಲೆ ಅಂಗಡಿಯವರು ಇದಕ್ಕೇ ಒಗ್ಗಿಕೊಂಡರು. ಊರೊಳಗೆ, ಹತ್ತಿರದ ಸಂತೆಗೆ ಸರಿ. ಇಡೀ ಕುಟುಂಬ ದೂರ ಹೋಗೋಕೆ ಅಂತ ತಗೊಳ್ಳುವವರು ಒಮ್ಮೆ ಹೆದ್ದಾರಿಯಲ್ಲಿ ಓಡಿಸಿ ನೋಡಿಯೇ ತೀರ್ಮಾನಿಸಬೇಕು.

ಕ್ಯಾರೆನ್ಸ್: 2022ರಲ್ಲಿ ಬಂದದ್ದು. ಜಾಗ, ಸೌಕರ್ಯ ಚೆನ್ನಾಗಿದೆ, ಡೀಸೆಲ್ ಎಂಜಿನ್ ಆಯ್ಕೆಯೂ ಇದೆ. ಆದರೆ ಆನ್‌ರೋಡ್ 13 ಲಕ್ಷ ದಾಟುತ್ತೆ. ಅಲ್ಲಿಗೆ ಇದು 'ಕಡಿಮೆ ಬಜೆಟ್' ಅನ್ನೋ ಮಾತಿನಿಂದ ಹೊರಗೆ.

ಸಿಎನ್‌ಜಿ ಲಾಭವಾ?

ಎರ್ಟಿಗಾದಲ್ಲಿ ಸಿಎನ್‌ಜಿ ಕೇಳುವವರು ಹೆಚ್ಚು. ಇಲ್ಲೂ ಆ 10 ಲಕ್ಷದ ಗೆರೆ ಕಾಡುತ್ತೆ. ಜಿಎಸ್‌ಟಿ ಇಳಿದಾಗಿನ ದರದಲ್ಲಿ ವಿಎಕ್ಸ್‌ಐ ಪೆಟ್ರೋಲ್ 9.85 ಲಕ್ಷದ ಹತ್ತಿರ, ಅದೇ ಮಾಡೆಲ್ ಸಿಎನ್‌ಜಿ 10.76 ಲಕ್ಷದ ಹತ್ತಿರ. ಬೆಲೆಯ ಫರಕು 90 ಸಾವಿರ ಚಿಲ್ಲರೆ, ಅದರ ಮೇಲೆ ಲೈಫ್ ಟ್ಯಾಕ್ಸ್ ಫರಕು ಇನ್ನೊಂದು 50 ಸಾವಿರ. ಒಟ್ಟು 1.40 ಲಕ್ಷ.

ಪೆಟ್ರೋಲ್ ಲೀಟರ್‌ಗೆ 103, ಸಿಎನ್‌ಜಿ ಕೆ.ಜಿ.ಗೆ 90 ಅಂತ ಹಿಡಿಯಿರಿ. ರಸ್ತೆಯಲ್ಲಿ ಪೆಟ್ರೋಲ್‌ಗೆ 15, ಸಿಎನ್‌ಜಿಗೆ 22 ಕಿ.ಮೀ. ಬಂದರೆ ಕಿ.ಮೀ.ಗೆ ಉಳಿಯೋದು 2 ರೂಪಾಯಿ 80 ಪೈಸೆ ಹತ್ತಿರ. 1.40 ಲಕ್ಷ ವಾಪಸ್ ಬರಬೇಕಾದರೆ 50 ಸಾವಿರ ಕಿ.ಮೀ. ಓಡಬೇಕು. ವರ್ಷಕ್ಕೆ 10 ಸಾವಿರ ಓಡಿಸುವವರಿಗೆ 5 ವರ್ಷ. ವ್ಯಾಪಾರಕ್ಕೆ ಅಂತ ದಿನಾ ತುಮಕೂರು, ಅರಸೀಕೆರೆ ಸುತ್ತುವವರಿಗೆ ಎರಡು ವರ್ಷದೊಳಗೆ ವಾಪಸ್ ಬಂದೀತು. ಭಾನುವಾರ ಮಾತ್ರ ಗಾಡಿ ತೆಗೆಯುವವರಿಗೆ ಸಿಎನ್‌ಜಿ ಬರೀ ಹೊರೆ. ಸಿಲಿಂಡರ್ ಕೂರೋದು ಡಿಕ್ಕಿಯಲ್ಲಿ. ಏಳು ಜನ ಹೋಗುವಾಗ ಲಗೇಜ್ ಎಲ್ಲಿಡೋದು ಅನ್ನೋದನ್ನೂ ಯೋಚಿಸಬೇಕು. ಜೊತೆಗೆ ತಾವು ಓಡಾಡೋ ದಾರಿಯಲ್ಲಿ ಯಾವ ಬಂಕಿನಲ್ಲಿ ಗ್ಯಾಸ್ ಇದೆ, ಎಷ್ಟು ಹೊತ್ತು ಕ್ಯೂ ಅಂತ ಬುಕ್ಕಿಂಗ್ ಮುಂಚೆಯೇ ಹೋಗಿ ನೋಡಿಬರಬೇಕು.

ಸೆಕೆಂಡ್ ಹ್ಯಾಂಡ್: ಅಗ್ಗವೂ ಹೌದು, ಬಲೆಯೂ ಹೌದು

5ರಿಂದ 7 ಲಕ್ಷದಲ್ಲಿ ದೊಡ್ಡ ಕಾರು ಬೇಕು ಎನ್ನುವವರಿಗೆ ಹಳೆ ಎರ್ಟಿಗಾ, ಹಳೆ ಇನ್ನೋವಾ ಕಣ್ಣಿಗೆ ಬೀಳುತ್ತವೆ. ಲೈಫ್ ಟ್ಯಾಕ್ಸ್ ಮೊದಲ ಮಾಲೀಕರೇ ಕಟ್ಟಿರೋದರಿಂದ ಲಾಭವೂ ಇದೆ. ಆದರೆ ಕೆಲವು ವಿಷಯ ಬಿಡದೆ ನೋಡಬೇಕು.

ಮೊದಲನೆಯದು, ಗಾಡಿ ಮೊದಲು ಯೆಲ್ಲೋ ಬೋರ್ಡ್ ಆಗಿತ್ತಾ? ಟ್ಯಾಕ್ಸಿ ಓಡಿ ಆಮೇಲೆ ವೈಟ್ ಬೋರ್ಡ್ ಆದ ಗಾಡಿಗಳು ಈ ಗುಂಪಿನಲ್ಲಿ ಸಾಮಾನ್ಯ. ಮೀಟರ್‌ನಲ್ಲಿ 80 ಸಾವಿರ ಕಂಡರೂ ಸ್ಟೇರಿಂಗ್, ಪೆಡಲ್, ಡ್ರೈವರ್ ಸೀಟು ಸವೆದ ರೀತಿ ನಿಜ ಹೇಳುತ್ತೆ. ಕಂಪನಿ ಸರ್ವಿಸ್ ದಾಖಲೆಯ ಕಿ.ಮೀ. ಜೊತೆ ಹೋಲಿಸಿ ನೋಡಿ.

ಎರಡನೆಯದು, ಹೊರರಾಜ್ಯದ ನಂಬರ್. ದೆಹಲಿ, ಮಹಾರಾಷ್ಟ್ರದ ಗಾಡಿ ಅಗ್ಗಕ್ಕೆ ಸಿಗುತ್ತೆ. ಆದರೆ ಎನ್‌ಒಸಿ ತಂದು ಇಲ್ಲಿ ಕೆಎ ನಂಬರ್ ಮಾಡಿಸುವಾಗ ಗಾಡಿಯ ವಯಸ್ಸಿಗೆ ತಕ್ಕಂತೆ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ಅದನ್ನ ಸೇರಿಸಿದ ಮೇಲೂ ಅಗ್ಗವಾ ಅಂತ ನೋಡಬೇಕು.

ಮೂರನೆಯದು, ಕಂಪನಿ ಇದೆಯಾ? ಷೆವರ್ಲೆ 2017ರಲ್ಲಿ ದೇಶದಲ್ಲಿ ಮಾರಾಟ ನಿಲ್ಲಿಸಿತು, ಡಾಟ್ಸನ್ 2022ರಲ್ಲಿ. ಹೋಂಡಾ ಮೊಬಿಲಿಯೊ, ರೆನೋ ಲಾಡ್ಜಿ ಮಾಡೆಲ್‌ಗಳೇ ನಿಂತುಹೋದವು. ಇವು ಅಗ್ಗಕ್ಕೆ ಸಿಗೋದಕ್ಕೆ ಕಾರಣವೇ ಅದು. ಒಂದು ಹೆಡ್‌ಲೈಟಿಗೆ ಬೆಂಗಳೂರು ಅಲೆಯಬೇಕಾಗಬಹುದು. ಮಾರುತಿ ಕೂಡ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರು ನಿಲ್ಲಿಸಿದೆ. ಹಾಗಾಗಿ ಡೀಸೆಲ್ ಎರ್ಟಿಗಾ ಎಂದರೆ ಅದಕ್ಕಿಂತ ಹಳೆಯದೇ.

ನಾಲ್ಕನೆಯದು, ಇನ್ಶೂರೆನ್ಸ್. 2022ರ ಜೂನ್‌ನಿಂದ ಬಂದ ಥರ್ಡ್ ಪಾರ್ಟಿ ದರದಲ್ಲಿ 1000 ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 2,094, 1500 ಸಿಸಿವರೆಗೆ 3,416, ಅದರ ಮೇಲೆ 7,897 ರೂಪಾಯಿ. ಇನ್ನೋವಾ ಬರೋದು ಕೊನೆಯ ಗುಂಪಿಗೆ. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್ ಗಾಡಿ ಜೊತೆ ಬರಲ್ಲ, ಅದು ಅವರದ್ದು.

ಐದನೆಯದು, ಆರ್‌ಸಿ. ಸಾಲ ಇನ್ನೂ ಇದೆಯಾ, ಎಷ್ಟನೇ ಮಾಲೀಕರು, ಬಾಕಿ ಚಲನ್ ಇದೆಯಾ ಅಂತ ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಬಹುದು. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ವರ್ಗಾವಣೆ ಮಾಹಿತಿ ಕೊಡಬೇಕು ಅಂತ ಕಾನೂನು. 'ಆಮೇಲೆ ಮಾಡಿಸೋಣ' ಅಂದರೆ ಅಪಘಾತವಾದಾಗ ಇಬ್ಬರಿಗೂ ಕೋರ್ಟು ಅಲೆದಾಟ. ತಿಪಟೂರಿನಲ್ಲೇ ಕೆಎ-44 ಕಚೇರಿ ಇದೆ, ದೂರದ ನೆಪ ಹೇಳೋ ಹಾಗಿಲ್ಲ.

ಬಾಡಿಗೆಗೆ ಬಿಟ್ಟು ಕಂತು ಕಟ್ಟೋಣ?

ಬಜೆಟ್ ಮೀರಿದಾಗ ಬರೋ ಕೊನೆಯ ಐಡಿಯಾ ಇದು. 'ವೈಟ್ ಬೋರ್ಡ್ ಇರಲಿ, ಗುರುತಿನವರಿಗೆ ಬಾಡಿಗೆ ಕೊಟ್ಟರೆ ಕಂತು ಅದೇ ಕಟ್ಟಿಕೊಳ್ಳುತ್ತೆ' ಅಂತ. ಪರ್ಮಿಟ್ ಇಲ್ಲದೆ ಬಾಡಿಗೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 192ಎ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 6 ತಿಂಗಳವರೆಗೆ ಜೈಲು ಮತ್ತು 10 ಸಾವಿರ ದಂಡ. ಅದಕ್ಕಿಂತ ದೊಡ್ಡ ಅಪಾಯ ಇನ್ಶೂರೆನ್ಸ್. ಬಾಡಿಗೆಗೆ ಹೋಗಿದ್ದಾಗ ಅಪಘಾತ ಆದರೆ ಕಂಪನಿ ಕ್ಲೇಮ್ ತಿರಸ್ಕರಿಸಬಹುದು. ಆಗ ಗಾಡಿಯೂ ಇಲ್ಲ, ಕಂತು ಮಾತ್ರ ಉಳಿಯುತ್ತೆ, ಪರಿಹಾರದ ಹೊರೆ ತೋಟದ ಮೇಲೆ ಬರುತ್ತೆ. ಯೆಲ್ಲೋ ಬೋರ್ಡ್ ಮಾಡಿಸಿ ಜೀವನಕ್ಕೆ ಅಂತ ಓಡಿಸೋದು ಬೇರೆ ಮಾತು.

ಬುಕ್ಕಿಂಗ್ ಮುಂಚೆ

ಸುರಕ್ಷತೆ ವಿಷಯದಲ್ಲಿ 2025ರ ಜುಲೈ ನಂತರದ ಎರ್ಟಿಗಾ, ಟ್ರೈಬರ್ ಎರಡರಲ್ಲೂ ಎಲ್ಲ ಮಾಡೆಲ್‌ಗೂ 6 ಏರ್‌ಬ್ಯಾಗ್ ಬಂದಿದೆ. ಅದೇ ಹಳೆ ಸ್ಟಾಕ್ ಅಥವಾ ಸೆಕೆಂಡ್ ಹ್ಯಾಂಡ್ ಆದರೆ ಕೆಳಗಿನ ಮಾಡೆಲ್‌ಗಳಲ್ಲಿ ಎರಡೇ ಇರಬಹುದು. ಪಕ್ಕದ ಏರ್‌ಬ್ಯಾಗ್ ಮೂರನೇ ಸಾಲಿನವರೆಗೂ ಬರುತ್ತಾ, ಹಿಂದಿನ ಸೀಟಿಗೆ ಭುಜದ ಮೇಲೆ ಹಾಯುವ ಬೆಲ್ಟ್ ಇದೆಯಾ ಅಂತ ಕೇಳಿ, ನೋಡಿಯೇ ನಂಬಿ. ಹಿಂದಿನ ಸಾಲಿನಲ್ಲಿ ಕೂರೋದು ಮಕ್ಕಳು ಅನ್ನೋದು ನೆನಪಿರಲಿ.

ಶೋರೂಮ್ ಕೊಟೇಶನ್ ಬರಹದಲ್ಲೇ ತಗೊಳ್ಳಿ. ಎಕ್ಸ್‌ಶೋರೂಮ್, ಲೈಫ್ ಟ್ಯಾಕ್ಸ್, ಇನ್ಶೂರೆನ್ಸ್, ಆಕ್ಸೆಸರಿ, ವಾರಂಟಿ ಎಲ್ಲ ಬೇರೆ ಬೇರೆ ಸಾಲಿನಲ್ಲಿ ಇರಲಿ. ಮೊದಲ ಎರಡು ಬಿಟ್ಟು ಉಳಿದ ಎಲ್ಲದರಲ್ಲೂ ಚೌಕಾಸಿಗೆ ಜಾಗ ಇದೆ. ಇನ್ಶೂರೆನ್ಸ್ ಅಲ್ಲೇ ಮಾಡಿಸಬೇಕು ಅಂತ ಕಾನೂನಿಲ್ಲ, ಹೊರಗೂ ದರ ವಿಚಾರಿಸಿ. ಸಾಲದ ದರವನ್ನ ತಮ್ಮ ಖಾತೆ ಇರೋ ಬ್ಯಾಂಕು, ಸೊಸೈಟಿಯಲ್ಲೂ ಕೇಳಿ. ಅರ್ಧ ಪರ್ಸೆಂಟ್ ಕಡಿಮೆ ಆದರೂ ಐದು ವರ್ಷಕ್ಕೆ ಅದು ಸಣ್ಣ ದುಡ್ಡಲ್ಲ.

ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಮನೆಯ ಏಳೂ ಜನ ಹತ್ತಿ, ಅಪ್ಪ-ಅಮ್ಮನನ್ನ ಮೂರನೇ ಸಾಲಿಗೆ ಹತ್ತಿಸಿ ಇಳಿಸಿ ನೋಡಿ, ಎಸಿ ಹಾಕಿಸಿ ಏರು ದಾರಿಯಲ್ಲಿ ಓಡಿಸಿ. ಶೋರೂಮ್‌ನವರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ಕಂತು ಕಟ್ಟೋದು ಅವರಲ್ಲ.

ಕೊನೆಗೆ ಉಳಿಯೋದು ಇಷ್ಟೇ. ವರ್ಷಕ್ಕೆ ನಾಲ್ಕೈದು ಟ್ರಿಪ್ ಎನ್ನುವವರಿಗೆ ಸಣ್ಣ ಕಾರು, ಬೇಕಾದಾಗ ಬಾಡಿಗೆ ಗಾಡಿ. ಮಕ್ಕಳಿರುವ ಆರೇಳು ಜನರ ಮನೆ, ಬಜೆಟ್ ಬಿಗಿ ಎನ್ನುವವರಿಗೆ 4 ಮೀಟರ್ ಒಳಗಿನ ಕಾರು. ದೊಡ್ಡವರೇ ಹೆಚ್ಚು, ಓಡಾಟವೂ ಹೆಚ್ಚು ಎನ್ನುವವರಿಗೆ 10 ಲಕ್ಷದ ಗೆರೆ ದಾಟದ ಎರ್ಟಿಗಾ, ಇಲ್ಲವೇ ದಾಖಲೆ ಸರಿಯಿರುವ ಹಳೆ ಗಾಡಿ. ಯಾವುದೇ ಆದರೂ 9 ಸಾವಿರದ ಕೊಬ್ಬರಿ ರೇಟಿನಲ್ಲಿ ಕಂತು ಕಟ್ಟೋಕಾಗುತ್ತಾ ಅಂತ ಒಂದು ಸಲ ಕೂಡಿ ಕಳೆದು ನೋಡಿ. ಆಗುತ್ತೆ ಎಂದಾದರೆ ಧೈರ್ಯವಾಗಿ ತಗೊಳ್ಳಿ. 20 ಸಾವಿರದ ರೇಟಿನಲ್ಲಿ ಮಾತ್ರ ಆಗುತ್ತೆ ಎಂದಾದರೆ, ಇನ್ನೊಂದು ವರ್ಷ ಕಾದು ಡೌನ್ ಪೇಮೆಂಟ್ ಹೆಚ್ಚಿಸಿಕೊಳ್ಳೋದೇ ಒಳ್ಳೇದು.